ಹಳೆ ವಿಡಿಯೋ ಗೇಮ್ ರಿಪೇರಿ, ಜೊತೆಗೆ ನಾಲ್ಕು ಮಾರಿಯೋಗಳ ಹೊಸ ರ‍್ಯಾಂಕಿಂಗ್

ಈ ಸಲ ಟೇಬಲ್ ಮೇಲೆ ಬಂದಿದ್ದು 90ರ ದಶಕದ ಟಿವಿ ವಿಡಿಯೋ ಗೇಮ್. ಜಪಾನಿನ ನಿಂಟೆಂಡೊ 1983ರ ಜುಲೈನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು. ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ಮನೆಮನೆಗೆ ಬಂದಿದ್ದು ಹೆಚ್ಚಾಗಿ ಈ ನಕಲುಗಳೇ. ಮೇಲಿನ ಹೆಸರು ಏನಾದರೂ ಇರಲಿ, ಒಳಗೆಲ್ಲಾ ಒಂದೇ ಜಾತಿ.

ತೊಂದರೆಗಳ ಪಟ್ಟಿ ಉದ್ದ ಇತ್ತು. ಕೆಂಪು ದೀಪ ಹತ್ತುತ್ತದೆ, ಆದರೆ ಚಿತ್ರದಲ್ಲಿ ಅಡ್ಡ ಪಟ್ಟಿ ಓಡಾಡುತ್ತದೆ. ಸೌಂಡ್ ಇಲ್ಲ. ಕೆಲವು ಕ್ಯಾಸೆಟ್ ಹಾಕಿದರೆ ಟೈಟಲ್‌ನಲ್ಲೇ ನಿಂತುಬಿಡುತ್ತದೆ. ರಿಮೋಟ್‌ನಲ್ಲಿ ಜಂಪ್ ಬಟನ್ ತನಗೆ ಮನಸ್ಸು ಬಂದಾಗ ಕೆಲಸ ಮಾಡುತ್ತದೆ. (ಜಾಯ್‌ಪ್ಯಾಡ್ ಅಂತ ಈಗಿನವರು ಹೇಳುತ್ತಾರೆ. ನಮಗೆ ಅದು ರಿಮೋಟೇ, ಕಾರ್ಟ್ರಿಜ್ ಕ್ಯಾಸೆಟ್ಟೇ.) ಚೀಲದಲ್ಲಿ ಒಂದಷ್ಟು ಕ್ಯಾಸೆಟ್ ಇದ್ದವು. ಅದರಲ್ಲಿ ಸೂಪರ್ ಮಾರಿಯೋ ನಾಲ್ಕು ತರಹದ್ದು: ಮೊದಲನೆಯದು, ಜಪಾನಿನ ಎರಡನೆಯದು, ಅಮೆರಿಕದ ಎರಡನೆಯದು (ಹೆಸರು ಒಂದೇ, ಆಟ ಬೇರೆ ಬೇರೆ), ಮತ್ತು ಮೂರನೆಯದು. ರಿಪೇರಿ ಆದಮೇಲೆ ಟೆಸ್ಟ್ ಮಾಡಲು ಇವನ್ನೇ ಆಡೋಣ, ಆಡುತ್ತಾ ಯಾವುದು ಮೇಲು ಯಾವುದು ಕೆಳಗು ಅಂತಲೂ ನೋಡಿಬಿಡೋಣ ಅಂದುಕೊಂಡೆ.

ಪವರ್

ಮೊದಲು ಅಡಾಪ್ಟರ್. ಮೇಲೆ 9 ವೋಲ್ಟ್ ಅಂತ ಬರೆದಿದೆ, ಮೀಟರ್ ಹಿಡಿದರೆ 13ರ ಹತ್ತಿರ ತೋರಿಸಿತು. ಇದು ಕೆಟ್ಟಿರುವ ಲಕ್ಷಣ ಏನಲ್ಲ. ಒಳಗೆ ಬರೀ ಟ್ರಾನ್ಸ್‌ಫಾರ್ಮರ್ ಮತ್ತು ಡಯೋಡ್ ಇರುವ ಹಳೆ ಅಡಾಪ್ಟರ್‌ಗಳು ಲೋಡ್ ಇಲ್ಲದಾಗ ಹೀಗೇ ಜಾಸ್ತಿ ತೋರಿಸುತ್ತವೆ. ಗೇಮ್ ಜೋಡಿಸಿದರೆ 12ಕ್ಕೆ ಇಳಿಯಿತು. ಆದರೆ ಮಷೀನ್‌ಗೆ ಬೇಕಿರುವುದು 5 ವೋಲ್ಟ್. ಉಳಿದದ್ದನ್ನು 7805 ರೆಗ್ಯುಲೇಟರ್ (ವೋಲ್ಟನ್ನು 5ಕ್ಕೆ ಇಳಿಸಿ ನಿಲ್ಲಿಸುವ ಬಿಡಿಭಾಗ) ಶಾಖ ಮಾಡಿ ಹೊರಗೆ ಹಾಕಬೇಕು. ಈ ಬೋರ್ಡ್ ಸುಮಾರು 350 ಮಿಲಿಆಂಪ್ ಎಳೆಯುತ್ತದೆ. 12 ವೋಲ್ಟ್ ಕೊಟ್ಟರೆ ರೆಗ್ಯುಲೇಟರ್ ಮೇಲೆ ಎರಡೂವರೆ ವ್ಯಾಟ್ ಶಾಖ. ಸರಿಯಾದ 9 ವೋಲ್ಟ್ ಕೊಟ್ಟರೆ 1.4 ವ್ಯಾಟ್. ಹೀಟ್‌ಸಿಂಕ್ ಅನ್ನುವ ಹೆಸರಿನಲ್ಲಿ ಒಂದು ತೆಳು ಅಲ್ಯೂಮಿನಿಯಂ ಚೂರು ಮಾತ್ರ ಇರುವಾಗ ಈ ವ್ಯತ್ಯಾಸ ದೊಡ್ಡದು.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ 9 ವೋಲ್ಟ್ 1 ಆಂಪ್‌ನ ಹೊಸ ಅಡಾಪ್ಟರ್ ಸಿಕ್ಕಿತು. ಇಲ್ಲಿ ಒಂದು ಎಚ್ಚರಿಕೆ. ಈ ಮಷೀನ್‌ನಲ್ಲಿ ಪಿನ್ನಿನ ಒಳಭಾಗ ನೆಗೆಟಿವ್, ಹೊರಭಾಗ ಪಾಸಿಟಿವ್. ಅಸಲಿ ಫ್ಯಾಮಿಕಾಮ್‌ನದೂ ಹೀಗೇ. ಈಗ ಮನೆಯಲ್ಲಿ ಬಿದ್ದಿರುವ ರೌಟರ್ ಅಡಾಪ್ಟರ್‌ಗಳು ಸಾಮಾನ್ಯವಾಗಿ ಉಲ್ಟಾ. ಪಿನ್ ಕೂರುತ್ತದೆ ಅಂತ ಚುಚ್ಚಬೇಡಿ. ಮೊದಲು ಡಬ್ಬಿಯ ಮೇಲಿನ ಗುರುತು ನೋಡಿ, ಆಮೇಲೆ ಮೀಟರ್ ಹಿಡಿದು ಇನ್ನೊಮ್ಮೆ ನೋಡಿ. ನಾನು ಹೊಸ ಅಡಾಪ್ಟರ್‌ನ ವೈರ್ ಕತ್ತರಿಸಿ, ಅದಲು ಬದಲು ಬೆಸುಗೆ ಹಾಕಿ, ಹೀಟ್‌ಶ್ರಿಂಕ್ ತೊಡಿಸಿದೆ.

ಅಡ್ಡ ಪಟ್ಟಿಗೆ ಕಾರಣ ಬೋರ್ಡ್ ಮೇಲಿನ, ಕರೆಂಟಿನ ಏರಿಳಿತ ತಡೆಯುವ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ತಲೆ ಉಬ್ಬಿತ್ತು. ನಮ್ಮ ಕರೆಂಟು 50 ಹರ್ಟ್ಸ್. ಡಯೋಡ್ ಸೇತುವೆ ದಾಟಿದಮೇಲೆ ಏರಿಳಿತ ಸೆಕೆಂಡಿಗೆ 100. ಟಿವಿ ಚಿತ್ರ ಸೆಕೆಂಡಿಗೆ 50. ಹಾಗಾಗಿ ಒಂದು ಚಿತ್ರದಲ್ಲಿ ಎರಡು ಕಪ್ಪು ಪಟ್ಟಿ ಕಾಣಬೇಕು, ಕಂಡದ್ದೂ ಎರಡೇ. ಪಟ್ಟಿಗಳು ಬಹಳ ನಿಧಾನವಾಗಿ ತೆವಳುತ್ತಿದ್ದವು, ಏಕೆಂದರೆ ಕರೆಂಟಿನ 50ಕ್ಕೂ ಮಷೀನಿನ 50ಕ್ಕೂ ಕೂದಲೆಳೆ ವ್ಯತ್ಯಾಸ. ಪಟ್ಟಿ ಎಣಿಸಿದರೆ ಸಾಕು, ಅಲೆ ತೋರಿಸುವ ಸ್ಕೋಪ್ ಬೇಕಿಲ್ಲ. 25 ವೋಲ್ಟಿನ ಹೊಸ ಕೆಪಾಸಿಟರ್ ಹಾಕಿದಮೇಲೆ ಚಿತ್ರ ಶುದ್ಧವಾಯಿತು. ಪಕ್ಕದ ಇದೇ ಜಾತಿಯ ಚಿಕ್ಕ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸಿದೆ. ಅವು ಕೆಟ್ಟಿರಲಿಲ್ಲ, ಆದರೆ ಹೇಗಿದ್ದರೂ ಬೋರ್ಡ್ ಬಿಚ್ಚಿಯಾಗಿದೆ ಅಲ್ವಾ.

ಕ್ರಿಸ್ಟಲ್ ಮೇಲಿನ ಅಂಕಿ

ಬೋರ್ಡ್ ತಿರುಗಿಸಿದಾಗ ಖುಷಿಯಾಯಿತು. ಆಮೇಲಿನ ಅಗ್ಗದ ಮಷೀನ್‌ಗಳಲ್ಲಿ ಎಲ್ಲಾ ಸೇರಿಸಿ ಒಂದೇ ಚಿಪ್ ಮಾಡಿ, ಮೇಲೆ ಕಪ್ಪು ಅಂಟು ಸುರಿದಿರುತ್ತಾರೆ. ಅದು ಕೆಟ್ಟರೆ ಮುಗಿಯಿತು. ಇದರಲ್ಲಿ ಬಿಡಿಬಿಡಿ ಚಿಪ್‌ಗಳಿವೆ: ಲೆಕ್ಕಕ್ಕೆ ಯುಎ6527ಪಿ (ಪ್ರೊಸೆಸರ್), ಚಿತ್ರಕ್ಕೆ ಯುಎ6538, ತಲಾ 2 ಕಿಲೋಬೈಟ್‌ನ ಎರಡು ರ‍್ಯಾಮ್. ಅವುಗಳ ಪಕ್ಕದಲ್ಲಿ, ಇಡೀ ಮಷೀನಿಗೆ ತಾಳ ಹಾಕುವ ತಗಡಿನ ಡಬ್ಬಿಯ ಕ್ರಿಸ್ಟಲ್. ಧೂಳು ಒರೆಸಿ ಟಾರ್ಚ್ ಹಿಡಿದು ಓದಿದೆ: 26.601712 ಮೆಗಾಹರ್ಟ್ಸ್.

ಈ ರ‍್ಯಾಂಕಿಂಗ್‌ನ ಮುಕ್ಕಾಲು ಭಾಗ ಆ ಅಂಕಿಯಲ್ಲೇ ಇದೆ. ಜಪಾನ್ ಮತ್ತು ಅಮೆರಿಕದ ಟಿವಿಗಳು ಎನ್‌ಟಿಎಸ್‌ಸಿ, ಸೆಕೆಂಡಿಗೆ 60 ಚಿತ್ರ. ಭಾರತದ್ದು ಪಾಲ್, ಸೆಕೆಂಡಿಗೆ 50. ನಕಲು ಮಾಡಿದವರು ನಮ್ಮಂಥ ದೇಶಗಳಿಗಾಗಿ ಜಾಣತನದ ಒಂದು ಚಿಪ್ ಜೋಡಿ ಮಾಡಿದರು. ಕ್ರಿಸ್ಟಲ್ ಅಂಕಿಯನ್ನು 15ರಿಂದ ಭಾಗಿಸಿದರೆ ಪ್ರೊಸೆಸರ್ ವೇಗ 1.773 ಮೆಗಾಹರ್ಟ್ಸ್. ಅಸಲಿಯದು 1.790. ಅಂದರೆ ಹೆಚ್ಚುಕಡಿಮೆ ಅದೇ. ಆದರೆ ಎನ್‌ಟಿಎಸ್‌ಸಿಯಲ್ಲಿ ಒಂದು ಚಿತ್ರಕ್ಕೆ 262 ಗೆರೆ, ಇಲ್ಲಿ 312. ಹೆಚ್ಚುವರಿ 50 ಗೆರೆಗಳ ಕಾಲ ಚಿತ್ರದ ಚಿಪ್ ಸುಮ್ನೆ ಕಾಯುತ್ತದೆ. ಜಪಾನಿನ ಕ್ಯಾಸೆಟ್‌ಗಳು ಬದಲಾವಣೆ ಇಲ್ಲದೆ ಇಲ್ಲಿ ಓಡುವುದಕ್ಕೆ ಆ ಕಾಯುವಿಕೆಯೇ ಕಾರಣ.

ಓಡುತ್ತವೆ, ಆದರೆ ನಿಧಾನವಾಗಿ. ಮಾರಿಯೋ ಎಷ್ಟು ಮುಂದೆ ಹೋಗಬೇಕು, ಆಮೆ ಯಾವಾಗ ತಿರುಗಬೇಕು, ಎಲ್ಲವೂ ಚಿತ್ರದ ಲೆಕ್ಕದಲ್ಲಿ ನಡೆಯುತ್ತದೆ. 60 ಚಿತ್ರಕ್ಕೆ ಬರೆದ ಆಟ 50ರಲ್ಲಿ ಓಡಿದರೆ ಆರರಲ್ಲಿ ಐದು ಪಾಲು ವೇಗ. ಮೊದಲ ಮಾರಿಯೋದಲ್ಲಿ ಟೈಮ್ ಅಂಕಿ 24 ಚಿತ್ರಕ್ಕೊಮ್ಮೆ ಇಳಿಯುತ್ತದೆ. 400 ಟೈಮ್ ಅಂದರೆ ಜಪಾನಿನ ಹುಡುಗನಿಗೆ 160 ಸೆಕೆಂಡ್, ನಮಗೆ 192. ಕೋಜಿ ಕೊಂಡೊ ಮಾಡಿದ ಸಂಗೀತವೂ ಹಾಗೇ. ಸ್ವರ ಪ್ರೊಸೆಸರ್ ವೇಗದಿಂದ ಬರುವುದರಿಂದ ಶ್ರುತಿ ಹೆಚ್ಚುಕಡಿಮೆ ಅಷ್ಟೇ, ಲಯ ಮಾತ್ರ ಚಿತ್ರದಿಂದ ಬರುವುದರಿಂದ ಇಳಿಯುತ್ತದೆ. ನಾವು ಬಾಲ್ಯದಲ್ಲಿ ಕೇಳಿದ್ದು ಆ ಟ್ಯೂನಿನ ವಿಳಂಬ ಕಾಲದ ಆವೃತ್ತಿ. ಇನ್ನೊಂದು ತಮಾಷೆ: ಈ ಜಾತಿಯ ನಕಲು ಚಿಪ್‌ನಲ್ಲಿ ಸ್ವರ ಹುಟ್ಟಿಸುವ ಚೌಕ ಅಲೆಯ ಶೇ. 25 ಮತ್ತು ಶೇ. 50ರ ಅಗಲ ಅದಲು ಬದಲಾಗಿದೆ. ಹಾಗಾಗಿ ದನಿಯ ಬಣ್ಣವೂ ಬೇರೆ. ಮೊಬೈಲ್‌ನಲ್ಲಿ ಅಸಲಿ ಮಾರಿಯೋ ಟ್ಯೂನ್ ಕೇಳಿ "ಇದು ಹೀಗಿರಲಿಲ್ಲವಲ್ಲ" ಅನ್ನಿಸಿದ್ದರೆ, ನಿಮ್ಮ ನೆನಪು ಸರಿಯಾಗೇ ಇದೆ.

ಚಿಪ್‌ಗಳನ್ನು ಎನ್‌ಟಿಎಸ್‌ಸಿ ಜೋಡಿಗೆ ಬದಲಿಸಿ, 21.477 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಇದನ್ನು 60ಕ್ಕೆ ತರಬಹುದು. ನಾನು ತರಲಿಲ್ಲ. ಈ ಮಷೀನ್ ಇಲ್ಲಿ ಹೇಗೆ ಓಡಿತೋ ಹಾಗೇ ಓಡಲಿ, ರ‍್ಯಾಂಕಿಂಗೂ ಆ ವೇಗದಲ್ಲೇ ಆಗಲಿ ಅನ್ನಿಸಿತು.

ಸ್ಲಾಟ್, ಸೌಂಡ್, ಮತ್ತು ಮೊದಲ ಮಾರಿಯೋ

ಕ್ಯಾಸೆಟ್ ಸ್ಲಾಟ್‌ನಲ್ಲಿ 60 ಪಿನ್. ಎರಡು ಸಾಲು, ತಲಾ 30. ಹಳೆ ವಿಸಿಟಿಂಗ್ ಕಾರ್ಡ್‌ಗೆ ತೆಳು ಹತ್ತಿ ಬಟ್ಟೆ ಸುತ್ತಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೇಲೆ ಕೆಳಗೆ ಆಡಿಸಿದೆ. ಬಟ್ಟೆ ಮೊದಲ ಸಲ ಪೂರ್ತಿ ಕಪ್ಪಾಗಿ ಬಂತು. ಕ್ಯಾಸೆಟ್‌ನ ತಾಮ್ರದ ಪಟ್ಟಿಗಳನ್ನು ಬಿಳಿ ರಬ್ಬರಿನಿಂದ ಉಜ್ಜಿ, ಪುಡಿ ಕೊಡವಿ, ಮತ್ತೆ ಆಲ್ಕೋಹಾಲ್‌ನಿಂದ ಒರೆಸಿದೆ. ಬಾಯಿಂದ ಊದುವುದು ಬೇಡ. ಊದಿದಾಗ ಸರಿಹೋಗುತ್ತಿದ್ದದ್ದು ಕ್ಯಾಸೆಟ್ ತೆಗೆದು ಮತ್ತೆ ಕೂರಿಸಿದ್ದರಿಂದ. ಊದಿದ ಉಗುಳಿನ ತೇವ ತಾಮ್ರ ತಿನ್ನುತ್ತದೆ, ಅಷ್ಟೇ.

ಟೈಟಲ್‌ನಲ್ಲಿ ನಿಂತುಬಿಡುವ ರೋಗಕ್ಕೆ ಮೊದಲ ಸೂಪರ್ ಮಾರಿಯೋನೇ ಒಳ್ಳೆಯ ಡಾಕ್ಟರ್. ಆಟದಲ್ಲಿ ಮೇಲಿನ ಸ್ಕೋರ್ ಸಾಲು ನಿಂತೇ ಇರುತ್ತದೆ, ಕೆಳಗಿನ ದಾರಿ ಮಾತ್ರ ಓಡುತ್ತದೆ. ಇದಕ್ಕೆ ಪ್ರೋಗ್ರಾಂ ಒಂದು ಉಪಾಯ ಮಾಡುತ್ತದೆ. ಸ್ಕೋರ್ ಸಾಲಿನ ಚಿಕ್ಕ ಕಾಯಿನ್ ಚಿತ್ರದ ತಳದಲ್ಲಿ ಒಂದು ಸ್ಪ್ರೈಟ್ (ಹಿನ್ನೆಲೆಯ ಮೇಲೆ ಬೇಕಾದಲ್ಲಿ ಇಡಬಹುದಾದ ಚಿಕ್ಕ ಚಿತ್ರ) ಅಡಗಿಸಿಟ್ಟಿದ್ದಾರೆ. ಟಿವಿ ಗೆರೆ ಎಳೆಯುತ್ತಾ ಆ ಜಾಗಕ್ಕೆ ಬಂದಾಗ ಚಿತ್ರದ ಚಿಪ್ ಒಂದು ಸನ್ನೆ ಕೊಡುತ್ತದೆ. ಆಗ ಪ್ರೋಗ್ರಾಂ ಚಿತ್ರವನ್ನು ಸರಿಸುತ್ತದೆ. ಸನ್ನೆ ಬರಲೇ ಇಲ್ಲ ಅಂದರೆ? ಕಾಯುತ್ತಲೇ ಇರುತ್ತದೆ, ಆಟ ಫ್ರೀಜ್. ಚಿತ್ರದ ಕಡೆಯ ಒಂದೆರಡು ಪಿನ್ ಕೊಳೆಯಾಗಿ ಆ ಕಾಯಿನ್ ಆಕಾರ ಕೆಟ್ಟರೂ ಸಾಕು, ಇಡೀ ಮಾರಿಯೋ ನಿಂತುಬಿಡುತ್ತಾನೆ. ಸ್ಲಾಟ್ ತೊಳೆದಮೇಲೆ ನಿಲ್ಲುವುದು ತಪ್ಪಿತು.

ಸೌಂಡ್ ಇಲ್ಲದ್ದಕ್ಕೂ ಸ್ಲಾಟೇ ಕಾರಣ. ಫ್ಯಾಮಿಕಾಮ್ ವಿನ್ಯಾಸದಲ್ಲಿ ಸೌಂಡ್ 45ನೇ ಪಿನ್‌ನಿಂದ ಕ್ಯಾಸೆಟ್ ಒಳಗೆ ಹೋಗಿ 46ರಿಂದ ವಾಪಸ್ ಬರುತ್ತದೆ. ಬೇಕಾದ ಕ್ಯಾಸೆಟ್ ತನ್ನದೇ ಸೌಂಡ್ ಸೇರಿಸಲಿ ಅಂತ ಮಾಡಿದ ದಾರಿ. ಮಾಮೂಲಿ ಕ್ಯಾಸೆಟ್‌ನಲ್ಲಿ ಆ ಎರಡನ್ನೂ ಸುಮ್ನೆ ಜೋಡಿಸಿರುತ್ತಾರೆ. ಈ ಬೋರ್ಡಿನಲ್ಲೂ ಸೌಂಡಿನ ದಾರಿ ಹಾಗೇ ಇದೆ. 46ನೇ ಪಿನ್ ಒಳಕ್ಕೆ ಬಾಗಿ ಕೂತಿತ್ತು. ಸೂಜಿಯಿಂದ ಸ್ವಲ್ಪ ಎತ್ತಿದೆ. ಟಿವಿ ಮಾತಾಡಿತು. ಆಂಪ್ಲಿಫೈಯರ್ ಹೋಗಿದೆ ಅಂತ ಟ್ರಾನ್ಸಿಸ್ಟರ್ ಬದಲಿಸಲು ಹೋಗುವ ಮೊದಲು ಇದನ್ನೊಮ್ಮೆ ನೋಡಿ.

ಹೊಸಬರಿಗೆ ಇನ್ನೊಂದು ಮಾತು. ಒಂದೇ ಗೆರೆಯಲ್ಲಿ ನಾಲ್ಕಾರು ಶತ್ರುಗಳು ಬಂದಾಗ ಮಿಣಮಿಣ ಅಂದರೆ ಅದು ರಿಪೇರಿಗೆ ಬಂದ ತೊಂದರೆ ಅಲ್ಲ. ಚಿಪ್ ಒಂದು ಗೆರೆಯಲ್ಲಿ 8 ಸ್ಪ್ರೈಟ್ ಮಾತ್ರ ತೋರಿಸಬಲ್ಲದು. ಅಸಲಿಯಲ್ಲೂ ಹೀಗೇ.

ರಿಮೋಟ್

ರಿಮೋಟ್‌ಗೆ ಐದೇ ವೈರ್: ಪವರ್, ಗ್ರೌಂಡ್, ಲ್ಯಾಚ್, ಕ್ಲಾಕ್, ಡೇಟಾ. ಎಂಟು ಬಟನ್‌ನ ಸ್ಥಿತಿ ಸಾಲಾಗಿ ಒಂದೇ ವೈರಿನಲ್ಲಿ ಬರುತ್ತದೆ. ವೈರ್ ತುಂಡಾಗಿದ್ದರೆ ಎಲ್ಲಾ ಬಟನ್ ಸಾಯುತ್ತವೆ. ಒಂದೇ ಬಟನ್ ಸತ್ತಿದ್ದರೆ ತಪ್ಪು ರಬ್ಬರಿನದು. ಇಲ್ಲಿ ಜಂಪಿನ ಎ ಬಟನ್ ಒಂದೇ, ಆದ್ದರಿಂದ ರಬ್ಬರ್.

ಬಿಚ್ಚಿ ನೋಡಿದರೆ ಎ ಬಟನ್ ಅಡಿಯ ಕಪ್ಪು ಕಾರ್ಬನ್ ಬಿಲ್ಲೆ ಸವೆದು ಹೊಳೆಯುತ್ತಿತ್ತು. ಮೀಟರ್‌ನ ಎರಡು ಮೊನೆ ಬಿಲ್ಲೆಗೆ ಇಟ್ಟರೆ ಹತ್ತಾರು ಕಿಲೋಓಮ್. ಸೆಲೆಕ್ಟ್ ಬಟನ್ ಯಾರೂ ಒತ್ತುವುದಿಲ್ಲ ಅಲ್ವಾ, ಅದರ ರಬ್ಬರ್ ಕೆಲವೇ ನೂರು ಓಮ್ ತೋರಿಸಿತು. ಪೆನ್ಸಿಲ್ ಸೀಸ ಉಜ್ಜಿದರೆ ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಪುಡಿ ಉದುರುತ್ತದೆ. ಹೊಸ ರಬ್ಬರ್ ಸೆಟ್ ಹಾಕಿದೆ. ಬೋರ್ಡಿನ ಮೇಲಿನ ಕಾರ್ಬನ್ ಬೆರಳುಗಳನ್ನು ಆಲ್ಕೋಹಾಲ್‌ನಿಂದ ಮೆಲ್ಲಗೆ ಒರೆಸಿದೆ. ಜೋರಾಗಿ ಉಜ್ಜಿದರೆ ಅವೂ ಹೋಗುತ್ತವೆ.

ಹಳೆ ರಬ್ಬರ್ ಇದ್ದಾಗ ಮಾರಿಯೋ ಮಾಡುತ್ತಿದ್ದದ್ದನ್ನು ಗಮನಿಸಿದ್ದು ಒಳ್ಳೆಯದಾಯಿತು. ಜಂಪ್ ಆಗುತ್ತಿತ್ತು, ಆದರೆ ಎತ್ತರಕ್ಕೆ ಹೋಗುತ್ತಿರಲಿಲ್ಲ. ಅರ್ಧದಲ್ಲಿ ಯಾರೋ ಕಾಲು ಹಿಡಿದು ಎಳೆದ ಹಾಗೆ ಬೀಳುತ್ತಿದ್ದ. ಕಾರಣ ಆಟದೊಳಗೇ ಇದೆ. ಎ ಒತ್ತಿ ಹಿಡಿದಿರುವಷ್ಟು ಹೊತ್ತು, ಮೇಲೇರುವಾಗ, ಮಾರಿಯೋ ಮೇಲಿನ ಎಳೆತ ಕಡಿಮೆ. ಬಿಟ್ಟ ಕೂಡಲೇ ಎಳೆತ ಜಾಸ್ತಿಯಾಗುತ್ತದೆ. ಸವೆದ ರಬ್ಬರ್ ನಡುವೆ ಒಂದೇ ಒಂದು ಚಿತ್ರದಷ್ಟು ಹೊತ್ತು ಸಂಪರ್ಕ ಬಿಟ್ಟರೂ ಆಟ ಅದನ್ನು "ಬೆರಳು ಎತ್ತಿದ" ಅಂತ ಓದುತ್ತದೆ. ಹೊಸ ರಬ್ಬರ್ ಹಾಕಿದಮೇಲೆ ಮೆಲ್ಲಗೆ ತಟ್ಟಿದರೆ ಚಿಕ್ಕ ಜಿಗಿತ, ಹಿಡಿದರೆ ದೊಡ್ಡದು, ಓಡುತ್ತಾ ಹಿಡಿದರೆ ಇನ್ನೂ ದೊಡ್ಡದು. ಎಡಗೈ ಬಲಕ್ಕೆ ಒತ್ತಿ, ಬಲ ಹೆಬ್ಬೆರಳಿನ ತುದಿ ಓಟದ ಬಿ ಮೇಲೆ ಇಟ್ಟು, ಬುಡವನ್ನು ಎ ಮೇಲೆ ಉರುಳಿಸುವುದು. ಆ ಹೆಬ್ಬೆರಳಿಗೆ ಎಲ್ಲಾ ನೆನಪಿತ್ತು.

ಮೊದಲ ಸೂಪರ್ ಮಾರಿಯೋ ಬಂದದ್ದು 1985ರ ಸೆಪ್ಟೆಂಬರ್ 13ಕ್ಕೆ. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಮತ್ತು ಜೊತೆಯವರು ಮಾಡಿದ್ದು. ಎಲ್ಲಾ ಸೇರಿ 40 ಕಿಲೋಬೈಟ್: ಪ್ರೋಗ್ರಾಂ 32, ಚಿತ್ರ 8. ಅಷ್ಟರಲ್ಲಿ 32 ಸ್ಟೇಜ್. ಮೋಡ ಮತ್ತು ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಉಳಿತಾಯದ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಈ ಸಲ ಕಂಡದ್ದು ಬೇರೆ. ಈ ಆಟದಲ್ಲಿ ಜಿಗಿತ ಬಿಟ್ಟು ಬೇರೆ ಆಸರೆಯೇ ಇಲ್ಲ. ಬೆಂಕಿ ಹೂವು ಸಿಕ್ಕರೆ ಸಿಕ್ಕಿತು, ಆದರೆ ಹಳ್ಳ ದಾಟಲು ಅದು ಏನೂ ಮಾಡದು. ಸ್ಕ್ರೀನ್ ಹಿಂದಕ್ಕೂ ಹೋಗುವುದಿಲ್ಲ. ಬಟನ್ ಕೆಟ್ಟಿದ್ದರೆ ಮೊದಲ ಸ್ಟೇಜಿನ ಮೂರನೇ ಪೈಪಿನಲ್ಲೇ ಗೊತ್ತಾಗುತ್ತದೆ. ಆಡುವವನ ಕೈ ಕೆಟ್ಟಿದ್ದರೆ 8ನೇ ವರ್ಲ್ಡ್‌ನಲ್ಲಿ ಗೊತ್ತಾಗುತ್ತದೆ. ನನಗೆ ಅಲ್ಲಿ ಗೊತ್ತಾಯಿತು.

50ರ ವೇಗ ಈ ಆಟವನ್ನು ಕೆಡಿಸುವುದಿಲ್ಲ. ಜಿಗಿತದ ಉದ್ದ, ಎತ್ತರ ಎಲ್ಲಾ ಅಷ್ಟೇ. ಯೋಚನೆ ಮಾಡಲು ಮಾತ್ರ ಐದರಲ್ಲಿ ಒಂದು ಪಾಲು ಜಾಸ್ತಿ ಸಮಯ. ಬಾವುಟದ ಹತ್ತಿರ ಟೈಮಿನ ಕೊನೆ ಅಂಕಿ 1, 3 ಅಥವಾ 6 ಬರುವ ಹಾಗೆ ಹಾರಿ ಪಟಾಕಿ ಹೊಡೆಸುವುದು ಇಲ್ಲಿ ಸುಲಭ.

ಅಮೆರಿಕದ ಎರಡನೆಯದು

ಈ ಕ್ಯಾಸೆಟ್ ಮೊದಲ ಸಲಕ್ಕೇ ಓಡಿತು, ಇದರಿಂದ ರಿಪೇರಿಗೆ ಹೊಸದೇನೂ ಸಿಗಲಿಲ್ಲ. ಕೆಳಗಿನ ಬಾಣದ ಬಟನ್ ಟೆಸ್ಟ್ ಮಾಡಲು ಮಾತ್ರ ಒಳ್ಳೆಯದು. ಕೆಳಗೆ ಒತ್ತಿ ಹಿಡಿದರೆ ಮೈ ಮಿನುಗುತ್ತದೆ, ಆಗ ಎ ಒತ್ತಿದರೆ ದೊಡ್ಡ ಜಿಗಿತ. ಸಂಪರ್ಕ ಬಿಟ್ಟು ಬಿಟ್ಟು ಬಂದರೆ ಮಿನುಗುವುದೇ ಇಲ್ಲ.

ಇದರ ಹುಟ್ಟಿನ ಕಥೆ ಬಹಳ ಜನರಿಗೆ ಗೊತ್ತು, ಚಿಕ್ಕದಾಗಿ ಹೇಳುತ್ತೇನೆ. 1987ರಲ್ಲಿ ಫ್ಯೂಜಿ ಟಿವಿಯ ಯುಮೆ ಕೋಜೊ ಮೇಳಕ್ಕೆ ಅಂತ ನಿಂಟೆಂಡೊ ಡೋಕಿ ಡೋಕಿ ಪ್ಯಾನಿಕ್ ಎಂಬ ಡಿಸ್ಕ್ ಆಟ ಮಾಡಿತು. ಅದರಲ್ಲಿ ಮಾರಿಯೋ ಇಲ್ಲ, ಬೇರೆ ಒಂದು ಕುಟುಂಬ. 1988ರಲ್ಲಿ ಅದೇ ಆಟಕ್ಕೆ ಮಾರಿಯೋ ಬಳಗದ ಮುಖ ಹಾಕಿ ಅಮೆರಿಕಕ್ಕೆ ಕಳಿಸಿದರು. ಜಪಾನಿಗೆ ಅದು 1992ರಲ್ಲಿ ಸೂಪರ್ ಮಾರಿಯೋ ಯುಎಸ್‌ಎ ಅಂತ ವಾಪಸ್ ಬಂತು. ಮಾರಿಯೋ ತಮ್ಮ ಲೂಯಿಜಿ ಗಾಳಿಯಲ್ಲಿ ಕಾಲು ಒದೆಯುವುದು ಇಲ್ಲಿಂದ ಶುರು. ಮುಖವಾಡದ ಶೈ ಗೈ, ಮೊಟ್ಟೆ ಉಗುಳುವ ಬರ್ಡೋ, ಬತ್ತಿ ಹೊತ್ತಿಸಿಕೊಂಡು ಬರುವ ಬಾಬ್-ಆಂಬ್ ಕೂಡ.

"ಅಸಲಿ ಮಾರಿಯೋ ಅಲ್ಲ" ಅಂತ ಇದನ್ನು ಕೆಳಗೆ ತಳ್ಳುವವರ ಜೊತೆ ನನಗೆ ಜಗಳ ಇಲ್ಲ, ಆದರೆ ಕಾರಣ ಬೇರೆ ಇರಬೇಕು. ಶತ್ರುವಿನ ತಲೆ ಮೇಲೆ ನಿಂತು ಸವಾರಿ ಮಾಡಿ, ಅವನನ್ನೇ ಎತ್ತಿ ಇನ್ನೊಬ್ಬನ ಮೇಲೆ ಎಸೆಯುವುದು ಇವತ್ತಿಗೂ ಮಜಾ. ಪ್ರಿನ್ಸೆಸ್‌ಳನ್ನು ಆರಿಸಿಕೊಂಡರೆ ಗಾಳಿಯಲ್ಲಿ ಒಂದೂವರೆ ಸೆಕೆಂಡ್ ತೇಲಬಹುದು. 50ರ ಮಷೀನ್‌ನಲ್ಲಿ ಅದು 1.8 ಸೆಕೆಂಡ್. ದಾಟುವ ದೂರ ಅಷ್ಟೇ, ಆದರೆ ಇಳಿಯುವ ಜಾಗ ನೋಡಿಕೊಳ್ಳಲು ಬೇಕಾದಷ್ಟು ಪುರುಸೊತ್ತು. ಆಟದ ಸವಾಲೇ ಕರಗುತ್ತದೆ. ಎಲ್ಲಾ ಸ್ಟೇಜ್‌ಗೂ ಅವಳನ್ನೇ ಆರಿಸಿದರೆ ಆಯಿತು. ಹಾಗಾಗಿ ನನ್ನ ಲೆಕ್ಕದಲ್ಲಿ ಮೂರನೇ ಜಾಗ.

ಮೂರನೆಯದು, ಮತ್ತು 15ನೇ ಪಿನ್

ಇಲ್ಲಿ ಕೆಲಸ ಬಿತ್ತು. ಮೊದಲನೆಯದು ಚೆನ್ನಾಗಿ ಓಡುತ್ತದೆ, ಅಮೆರಿಕದ ಎರಡನೆಯದೂ ಓಡುತ್ತದೆ, ಮೂರನೆಯದು ಹಾಕಿದರೆ ಪರದೆಯ ಕೆಳಭಾಗ ಕಲಸಿ ಹೋಗುತ್ತದೆ. ಸ್ಕೋರ್, ಲೈಫ್, ಕಾರ್ಡ್ ತೋರಿಸುವ ಪಟ್ಟಿ ಒಮ್ಮೆ ಬರುತ್ತದೆ, ಒಮ್ಮೆ ಮಾಯ. ಕ್ಯಾಸೆಟ್ಟೇ ಕೆಟ್ಟಿದೆ ಅಂತ ಹೇಳಿ ಬದಿಗಿಡುವುದು ಸುಲಭ. ಆದರೆ ಮೇಲ್ಭಾಗ ಒಂದು ಚುಕ್ಕೆ ಕೂಡ ಕೆಟ್ಟಿರಲಿಲ್ಲ. ಚಿತ್ರದ ಪಿನ್‌ಗಳಲ್ಲಿ ತೊಂದರೆ ಇದ್ದರೆ ಎಲ್ಲಾ ಕಡೆ ಕೆಡಬೇಕು.

ವ್ಯತ್ಯಾಸ ಇರುವುದು ಕ್ಯಾಸೆಟ್ ಒಳಗಿನ ಚಿಪ್‌ನಲ್ಲಿ. ಮೊದಲ ಮಾರಿಯೋದಲ್ಲಿ ಬರೀ ಎರಡು ರಾಮ್ (ಆಟ ತುಂಬಿಟ್ಟ, ಓದಲು ಮಾತ್ರ ಆಗುವ ಚಿಪ್). ಮೂರನೆಯದರಲ್ಲಿ 384 ಕಿಲೋಬೈಟ್ ಇದೆ, ಜೊತೆಗೆ ಎಂಎಂಸಿ3 ಎಂಬ ಚಿಪ್. ಅದು ಟಿವಿ ಎಳೆಯುವ ಗೆರೆಗಳನ್ನು ಎಣಿಸುತ್ತದೆ. ಬೇಕಾದ ಗೆರೆ ಬಂದಾಗ ಐಆರ್‌ಕ್ಯು ವೈರಿನಲ್ಲಿ ಪ್ರೊಸೆಸರ್‌ನ ಬಾಗಿಲು ತಟ್ಟುತ್ತದೆ. ಆಗ ಪ್ರೊಸೆಸರ್ ಮಾಡುತ್ತಿದ್ದ ಕೆಲಸ ಬಿಟ್ಟು, ಕೆಳಗಿನ ಪಟ್ಟಿ ತೋರಿಸಲು ಏರ್ಪಾಡು ಮಾಡುತ್ತದೆ. ಮೊದಲ ಮಾರಿಯೋಗೆ ಈ ವೈರ್ ಬೇಕೇ ಇಲ್ಲ, ಅದಕ್ಕೆ ಕಾಯಿನ್ ಉಪಾಯ ಇದೆ. ಅಮೆರಿಕದ ಎರಡನೆಯದರಲ್ಲಿ ಪಟ್ಟಿಯೇ ಇಲ್ಲ.

ಐಆರ್‌ಕ್ಯು ಇರುವುದು 15ನೇ ಪಿನ್‌ನಲ್ಲಿ, ಸಾಲಿನ ಸರಿ ನಡುವೆ. ಮೀಟರ್ ಬೀಪ್ ಮೋಡ್‌ನಲ್ಲಿಟ್ಟು ಒಂದು ಮೊನೆ ಪ್ರೊಸೆಸರ್ ಕಾಲಿಗೆ, ಇನ್ನೊಂದು ಸ್ಲಾಟ್ ಪಿನ್ನಿಗೆ. ಬೀಪ್ ಬಂತು. ಪಿನ್ನನ್ನು ಕಡ್ಡಿಯಿಂದ ಸ್ವಲ್ಪ ಅಲ್ಲಾಡಿಸಿದೆ, ಬೀಪ್ ನಿಂತಿತು. ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನ ಬುಡದ ಬೆಸುಗೆಯ ಸುತ್ತ ಕೂದಲಿನಷ್ಟು ತೆಳು ವರ್ತುಲ ಬಿರುಕು. ವರ್ಷಗಟ್ಟಲೆ ಕ್ಯಾಸೆಟ್ ಕಿತ್ತು ತುರುಕಿದ್ದರ ಫಲ. ಫ್ಲಕ್ಸ್ ಹಚ್ಚಿ, ಹಳೆ ಸೀಸ ತೆಗೆದು, ಹೊಸದು ಹಾಕಿದೆ. ಪಟ್ಟಿ ಕದಲದೆ ನಿಂತಿತು. ಆಮೇಲೆ 60 ಕಾಲಿಗೂ ಒಮ್ಮೆ ಬೆಸುಗೆ ಕಬ್ಬಿಣ ಮುಟ್ಟಿಸಿದೆ.

ಪಟ್ಟಿ ಸರಿಯಾದಮೇಲೂ ಬಲ ಅಂಚಿನಲ್ಲಿ ತಪ್ಪು ಬಣ್ಣದ ಚೂರುಗಳು ಕಾಣುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆಟ ಬರೆದ ರೀತಿಯೇ ಹಾಗೆ. ಹಳೆ ಡಬ್ಬಿ ಟಿವಿಗಳು ಅಂಚನ್ನು ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿದ್ದವು. ಎಲ್‌ಇಡಿ ಟಿವಿ ಪೂರ್ತಿ ತೋರಿಸಿಬಿಡುತ್ತದೆ.

ಆಟದ ಬಗ್ಗೆ ಹೇಳಬೇಕೆಂದರೆ, ಜಪಾನಿನಲ್ಲಿ 1988ರ ಅಕ್ಟೋಬರ್ 23, ಅಮೆರಿಕದಲ್ಲಿ 1990ರ ಫೆಬ್ರುವರಿ. ಜನ ರ‍್ಯಾಂಕಿಂಗ್ ಮಾಡಿದಾಗಲೆಲ್ಲ ಮೊದಲ ಜಾಗಕ್ಕೆ ಇದರ ಹೆಸರು ಬರುತ್ತದೆ, ಬರಬೇಕಾದದ್ದೇ. ವರ್ಲ್ಡ್ ಮ್ಯಾಪ್ ಇದೆ, ಯಾವ ದಾರಿ ಅಂತ ನಾವೇ ಆರಿಸಬಹುದು. ಸ್ಟೇಜ್‌ಗಳು ಚಿಕ್ಕವು. ಒಂದೊಂದರಲ್ಲೂ ಒಂದು ಹೊಸ ವಿಚಾರ ತಂದು, ಬೇಜಾರಾಗುವ ಮೊದಲೇ ಮುಗಿಸುತ್ತಾರೆ. 5-3ರಲ್ಲಿ ಸಿಗುವ ಹಸಿರು ಬೂಟನ್ನೇ ನೋಡಿ. ಅದರೊಳಗೆ ಕೂತು ಮುಳ್ಳಿನ ಮೇಲೂ ಕುಪ್ಪಳಿಸಬಹುದು, ಇಡೀ ಆಟದಲ್ಲಿ ಆ ಒಂದೇ ಸ್ಟೇಜಿನಲ್ಲಿ. ಈ ಧಾರಾಳತನ ಬೇರೆ ಮೂರರಲ್ಲಿ ಇಲ್ಲ.

ಆದರೂ ನಾನು ಇದನ್ನು ಎರಡನೇ ಜಾಗಕ್ಕೆ ಹಾಕುತ್ತೇನೆ. ಮಾರಿಯೋಗೆ ಹಾರಲು ಬಿಡುವ ಬಾಲ ಸಿಕ್ಕ ಮೇಲೆ ಓಡಿ, ಕೆಳಗಿನ ಮೀಟರ್ ತುಂಬಿಸಿ, ಮೇಲೆ ಹಾರಿದರೆ ಅರ್ಧ ಸ್ಟೇಜ್ ತಲೆ ಕೆಳಗೆ ಹಾದುಹೋಗುತ್ತದೆ. ಗಂಟಿನಲ್ಲಿ ಪಿ-ವಿಂಗ್ ಇದ್ದರೆ ಪೂರ್ತಿ ಸ್ಟೇಜ್. ಅಷ್ಟು ಕಷ್ಟಪಟ್ಟು ಕಟ್ಟಿದ ದಾರಿಯನ್ನು ನೋಡದೇ ದಾಟಲು ಆಟವೇ ದಾರಿ ಕೊಡುತ್ತದೆ. 60ರ ವೇಗದಲ್ಲಿ ಹಾರುವುದಕ್ಕೂ ಒಂದು ಚುರುಕು ಇದೆ, ಕೈ ಬಿಡುವಿಲ್ಲದೆ ಎ ಬಟನ್ ಬಡಿಯಬೇಕು. 50ರಲ್ಲಿ ಅದು ಸೋಮಾರಿ ವಿಹಾರ. ಎರಡನೆಯ ಕಾರಣ ಸೇವ್ ಇಲ್ಲದ್ದು. ಕ್ಯಾಸೆಟ್‌ನಲ್ಲಿ 8 ಕಿಲೋಬೈಟ್ ಹೆಚ್ಚುವರಿ ರ‍್ಯಾಮ್ ಇದೆ, ಬ್ಯಾಟರಿ ಇಲ್ಲ. ಎಂಟು ವರ್ಲ್ಡ್ ಒಂದೇ ಕೂತಲ್ಲಿ ಮುಗಿಸಬೇಕು. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಕೇಳಿದ, "ಮಾಮ, ಸೇವ್ ಎಲ್ಲಿದೆ?" ಕರೆಂಟ್ ಹೋದರೆ ಮತ್ತೆ ಮೊದಲಿಂದ ಅಂದೆ. ಅವನು ನಂಬಲಿಲ್ಲ. ನಮ್ಮ ಬೇಸಿಗೆ ರಜೆಗಳ ಪವರ್ ಕಟ್‌ನಲ್ಲಿ ಈ ಆಟ ಯಾರೂ ನೇರವಾಗಿ ಮುಗಿಸಿದ್ದು ನಾನು ನೋಡಿಲ್ಲ. ಮೊದಲ ವರ್ಲ್ಡ್‌ನಲ್ಲೇ ಎರಡು ಕೊಳಲು ಸಿಗುತ್ತವೆ. 1-3ರಲ್ಲಿ ಬಿಳಿ ಬ್ಲಾಕ್ ಮೇಲೆ ಕೂತು ಹಿಂಬದಿಗೆ ಬಿದ್ದರೆ ಒಂದು, ಕೋಟೆಯ ಛಾವಣಿ ಮೇಲೆ ಹಾರಿದರೆ ಇನ್ನೊಂದು. ಒಂದನ್ನು ಊದಿ, ಹೋದ ಜಾಗದಲ್ಲಿ ಇನ್ನೊಂದನ್ನು ಊದಿದರೆ ಸೀದಾ 8. ನಡುವಿನ ಆರು ವರ್ಲ್ಡ್ ಕಥೆ ಕೇಳಿ ಗೊತ್ತು ಅನ್ನುವವರೇ ಜಾಸ್ತಿ.

ಶಾಖದ ಟೆಸ್ಟ್, ಜಪಾನಿನ ಎರಡನೆಯದರ ಜೊತೆ

ಡಬ್ಬಿ ಮುಚ್ಚಿ, ಸ್ಕ್ರೂ ಹಾಕಿ, ಮಷೀನನ್ನು ಸಂಜೆಯಿಡೀ ಆನ್ ಇಟ್ಟೆ. ಇದಕ್ಕೆ ಬೇಕಾಗಿದ್ದು ಮುಗಿಯದ ಆಟ. 1986ರ ಜೂನ್ 3ಕ್ಕೆ ಜಪಾನಿನಲ್ಲಿ ಡಿಸ್ಕ್ ಮೇಲೆ ಬಂದ ಸೂಪರ್ ಮಾರಿಯೋ 2 ಸರಿಯಾದ ಆಯ್ಕೆ. ಹೊರಗಿನವರು ಇದನ್ನು ಲಾಸ್ಟ್ ಲೆವೆಲ್ಸ್ ಅನ್ನುತ್ತಾರೆ. ಆ ಹೆಸರು 1993ರ ಆಲ್-ಸ್ಟಾರ್ಸ್ ಸಂಗ್ರಹದಲ್ಲಿ ಕೊಟ್ಟದ್ದು. ನನ್ನ ಬಳಿ ಇರುವುದು ಡಿಸ್ಕ್ ಆಟವನ್ನು ಕ್ಯಾಸೆಟ್‌ಗೆ ಇಳಿಸಿದ ನಕಲು.

ನೋಡಲು ಮೊದಲನೆಯದೇ. ಮೊದಲ ಸ್ಟೇಜಿನಲ್ಲೇ ವಿಷದ ಮಶ್ರೂಮ್ ಕೊಟ್ಟು ಸ್ವಾಗತ. ಗಾಳಿ ಬೀಸಿ ಜಿಗಿತ ಕೆಡಿಸುತ್ತದೆ. 3-1ರಲ್ಲಿ ಕಷ್ಟಪಟ್ಟು ವಾರ್ಪ್ (ಬೇರೆ ವರ್ಲ್ಡ್‌ಗೆ ಸೀದಾ ಹೋಗುವ ದಾರಿ) ಹುಡುಕಿದರೆ ಅದು ವರ್ಲ್ಡ್ 1ಕ್ಕೆ ವಾಪಸ್ ಕಳಿಸುತ್ತದೆ. ತುಂಬಾ ಕಷ್ಟ ಅಂತ ನಿಂಟೆಂಡೊದ ಅಮೆರಿಕ ಶಾಖೆ ಆಗ ಇದನ್ನು ಬೇಡ ಅಂದಿತ್ತು. 50ರ ವೇಗ ಹೆಚ್ಚು ಉಪಕಾರ ಮಾಡಿದ್ದು ಈ ಆಟಕ್ಕೇ. ಗಾಳಿಯಲ್ಲೇ ದಿಕ್ಕು ಸರಿಪಡಿಸಲು ಸಿಗುವ ಆ ಒಂದಿಷ್ಟು ಹೊತ್ತಿನಿಂದ ಇದು ಆಡಬಹುದಾದ ಆಟ ಆಗುತ್ತದೆ. ಆದರೂ ಕೊನೆಯ ಜಾಗವೇ. ಮೊದಲನೆಯದು ಸಾಯಿಸಿದಾಗ ತಪ್ಪು ನಮ್ಮದು ಅಂತ ಗೊತ್ತಾಗುತ್ತದೆ. ಇದು ಸಾಯಿಸಿದಾಗ, ಬಲೆ ಇಟ್ಟವನು ಎಲ್ಲೋ ಕೂತು ನಗುತ್ತಿದ್ದಾನೆ ಅನ್ನಿಸುತ್ತದೆ. ಕಾಣದ ಬ್ಲಾಕ್‌ಗೆ ತಲೆ ಬಡಿದು ಹಳ್ಳಕ್ಕೆ ಬೀಳುವುದರಲ್ಲಿ ಕಲಿಯುವುದೇನಿದೆ, ಬಾಯಿಪಾಠ ಬಿಟ್ಟು?

ಅಕ್ಕನ ಮಗ ಇದನ್ನೇ ಬಿಡಲಿಲ್ಲ. ಸತ್ತು ಸತ್ತು ಆಡಿದ. ಅವನ ಪಟ್ಟಿಯಲ್ಲಿ ಇದು ಮೊದಲು, ನನ್ನ ಮೊದಲನೆಯದು "ತುಂಬಾ ಈಸಿ, ಮಾಮ". ಗೆಳೆಯನ ಮನೆಯಲ್ಲಿ ನಿಂಟೆಂಡೊದ ಸ್ವಿಚ್ ಎಂಬ ಗೇಮ್ ಮಷೀನ್ ಇದೆ, ಅದರಲ್ಲಿ ಈ ನಾಲ್ಕೂ ಅಸಲಿ 60ರ ವೇಗದಲ್ಲಿ ಸಿಗುತ್ತವೆ. ಅಲ್ಲಿ ಆಡಿಸಿದೆ. 60ರಲ್ಲಿ ವರ್ಲ್ಡ್ 1ನ್ನೂ ದಾಟಲಿಲ್ಲ, ಪಟ್ಟಿ ಬದಲಿಸಿದ. ನನ್ನ ಪಟ್ಟಿಯೂ ಅಲ್ಲಿ ಸ್ವಲ್ಪ ಅಲ್ಲಾಡಿತು. 60ರಲ್ಲಿ ಮೂರನೆಯದು ಮೊದಲನೆಯದರ ಹೆಗಲಿಗೆ ಹೆಗಲು ಬರುತ್ತದೆ, ಸೇವ್ ಇರುವ ಮಷೀನ್‌ನಲ್ಲಂತೂ ದಾಟಿಯೂ ಹೋಗಬಹುದು. ಈ ಬೋರ್ಡಿನ ಮೇಲೆ, ಈ ಕ್ರಿಸ್ಟಲ್‌ನಲ್ಲಿ, ನನ್ನ ಸಾಲು ಹೀಗೇ: ಮೊದಲನೆಯದು, ಮೂರನೆಯದು, ಅಮೆರಿಕದ ಎರಡನೆಯದು, ಜಪಾನಿನ ಎರಡನೆಯದು.

ರೆಗ್ಯುಲೇಟರ್ ಸಂಜೆಯ ಕೊನೆಗೆ ಬೆರಳಿಟ್ಟು ತಡೆಯುವಷ್ಟು ಬಿಸಿ ಇತ್ತು, ಸಾಕು. ತೆಳು ಅಲ್ಯೂಮಿನಿಯಂ ಚೂರಿನ ಜಾಗದಲ್ಲಿ ರೆಕ್ಕೆ ಇರುವ ಸರಿಯಾದ ಹೀಟ್‌ಸಿಂಕ್ ಹಾಕಬೇಕೆಂದಿದ್ದೇನೆ, ಡಬ್ಬಿಯೊಳಗೆ ಎತ್ತರ ಸಾಲುತ್ತದೆಯೇ ಅಳೆಯಬೇಕು. ಎರಡನೇ ರಿಮೋಟ್‌ನ ಕೇಬಲ್ ಕುತ್ತಿಗೆಯ ಹತ್ತಿರ ತುಂಡಾಗಿದೆ. ಅದು ಆಗುವ ತನಕ ಎರಡನೇ ಆಟಗಾರ ಲೂಯಿಜಿ ರಜೆಯಲ್ಲಿ.